ಸ್ಪಷ್ಟವಾಗಿ ಮಾತನಾಡಿ ಎಂದ ಸಹಾಯವಾಣಿಗೆ ತೊದಲು ನಾಲಿಗೆಯವನ ವಿಜ್ಞಾಪನೆ

ಪರಮಮಾನ್ಯ ಧ್ವನಿಯವರೇ,

ಹಗಲಿರುಳೆನ್ನದೆ, ಊಟ ನಿದ್ದೆಗಳ ಹಂಗಿಲ್ಲದೆ, ಯಾರು ಎಷ್ಟು ಬೈದರೂ ದನಿಯೊಳಗಿನ ಸಕ್ಕರೆ ಚೂರೂ ಕರಗದಂತೆ ರೋಗಿಗಳ ಸೇವೆಯಲ್ಲಿ ನಿರತರಾಗಿರುವ ತಮಗೆ ಅನಂತ ವಂದನೆಗಳು. ತಮಗೆ ಮೈಯಿಲ್ಲವಾದ್ದರಿಂದ ಕ್ಷೇಮವೇ ಎಂದು ಕೇಳುವುದು ಅಧಿಕಪ್ರಸಂಗವಾದೀತು. ನನಗೆ ಮೈಯಿದೆ, ಅದರೊಳಗೆ ತಮ್ಮ ಕಂಪನಿಯ ಸಾಮಾನೂ ಇದೆ. ಈ ಪತ್ರ ಆ ಸಾಮಾನಿನ ಸಂಬಂಧವಾದದ್ದು. ತಮಗೆ ಕಿವಿ ಇದೆಯೋ ಇಲ್ಲವೋ ಇನ್ನೂ ಖಚಿತವಾಗದ ಕಾರಣ ನಾಲ್ಕು ಜನ ಓದಲೆಂದು ಪತ್ರಿಕೆಗೂ ಕಳಿಸುತ್ತಿದ್ದೇನೆ.

ನಾನು ಹರಾಜು ಕೂಗುವವನು. ಹಳೆಯ ಮಂಚ, ಬೀರು, ಗಡಿಯಾರ, ಬಾಗಿಲು ಮುಚ್ಚಿದ ಹೋಟೆಲುಗಳ ಪಾತ್ರೆಪಡಗ ಇವನ್ನೆಲ್ಲ ಗಂಟಲು ಹರಿಯುವಂತೆ ಕೂಗಿ, ಸುತ್ತಿಗೆ ಬಡಿದು ಮಾರಿ ಸಂಸಾರ ಸಾಗಿಸಿದವನು. ಹೀಗಿರುವಾಗ ಬಲಗೈಗೆ ನಡುಕದ ಕಾಯಿಲೆ ಬಂತು. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಇಡೀ ತೋಳು. ಸುತ್ತಿಗೆ ನನ್ನನ್ನು ಕೇಳದೆ ತಾನೇ ಬಡಿಯತೊಡಗಿತು. ತೇಗದ ಬೀರುವೊಂದು, ಯಾರೂ ಬಾಯಿ ಬಿಡುವ ಮೊದಲೇ ಟಪಟಪನೆ ಏಟು ಬಿದ್ದು, ಮೂಗು ಒರೆಸಲು ಕೈಯೆತ್ತಿದ್ದ ಒಬ್ಬ ಸಾಧು ಮನುಷ್ಯನ ಪಾಲಾಯಿತು. ಆತ ಈಗಲೂ ದಾರಿಯಲ್ಲಿ ಸಿಕ್ಕರೆ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ಮಾತನಾಡಿಸುತ್ತಾನೆ.

ಮಾತ್ರೆಗಳು ಕೈಚೆಲ್ಲಿದ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ತಲೆಬುರುಡೆ ಕೊರೆದು ಮಿದುಳಿನ ಆಳಕ್ಕೆ ಸಣ್ಣ ತಂತಿಗಳನ್ನು ಇಳಿಸಿದರು. ಅವಕ್ಕೆ ಕರೆಂಟು ಕೊಡುವ ಬ್ಯಾಟರಿಯನ್ನು ಎದೆಯ ಚರ್ಮದ ಕೆಳಗೆ ಹೊಲಿದರು. ಅದನ್ನು ಚಾಲೂ ಮಾಡಿದ ದಿನ ನನ್ನ ಕೈ, ಅತ್ತು ಅತ್ತು ನಿದ್ದೆಹೋದ ಮಗುವಿನಂತೆ, ತೊಡೆಯ ಮೇಲೆ ಸುಮ್ಮನೆ ಮಲಗಿತು. ನನ್ನಾಕೆ ಆ ಕೈಯನ್ನು ಎರಡೂ ಅಂಗೈಯಲ್ಲಿ ಹಿಡಿದು ಅತ್ತಳು. ಆ ಗಳಿಗೆಗಾಗಿ ತಮ್ಮ ಕಂಪನಿಗೆ ನಾನು ಸಾಯುವವರೆಗೂ ಋಣಿ. ಇದರಲ್ಲಿ ವ್ಯಂಗ್ಯವಿಲ್ಲ; ವ್ಯಂಗ್ಯ ಇನ್ನು ಮುಂದೆ.

ಕೆಲವು ವಾರಗಳಲ್ಲಿ ಕೈ ಬಿಟ್ಟ ಕಾಟ ನಾಲಿಗೆಗೆ ವರ್ಗವಾಗಿ ಬಂತು. ಬಾಯಿ ತುಂಬ ಹತ್ತಿ ತುರುಕಿದಂತೆ ಮಾತು ಮುದ್ದೆಯಾಗಿ, ಕೊನೆಯಕ್ಷರಗಳು ಗಂಟಲಲ್ಲೇ ಉಳಿದವು. ಹರಾಜಿನ ಕಟ್ಟೆ ಹತ್ತಿ ಕೂಗಿದರೆ ಜನ ನಕ್ಕರು. ಅಂಗಡಿಯ ಯಜಮಾನರು ಹತ್ತಿರ ಬಂದು ನನ್ನ ಬಾಯಿ ಮೂಸಿ, “ಕುಡಿದಿಲ್ವಲ್ಲಪ್ಪಾ! ಕುಡಿದಿದ್ರೆ ನಾಳೆ ಹೊತ್ತಿಗೆ ಸರಿಹೋಗ್ತಿದ್ದೆ” ಎಂದು ನಿಜವಾಗಿಯೂ ಬೇಸರಪಟ್ಟು, ಕುರ್ಚಿ ಒರೆಸುವ ಕೆಲಸಕ್ಕೆ ಹಾಕಿದರು. ಮನೆಯಲ್ಲಿ ‘ಬೀಗ ಎಲ್ಲಿ’ ಎಂದು ಕೇಳಿದರೆ ನನ್ನಾಕೆ, ಬೀಗರು ಬಂದರೆಂದು ಹೌಹಾರಿ ಸೀರೆ ಬದಲಿಸಲು ಓಡಿದಳು. ಹೇಳಿದ್ದನ್ನೇ ಹೇಳಿ ಸಾಕಾಗಿ ನಾನು ಮಾತೇ ಬಿಟ್ಟೆ. ಮದುವೆಯಾದಾಗಿನಿಂದ ‘ಸ್ವಲ್ಪ ಬಾಯಿ ಮುಚ್ಚಿ’ ಎನ್ನುತ್ತಿದ್ದವಳು ಒಂದು ಸಂಜೆ ಬಟ್ಟೆ ಮಡಿಸುತ್ತ, “ಏನಾದ್ರೂ ಮಾತಾಡ್ರೀ, ಬೈದ್ರೂ ಪರವಾಗಿಲ್ಲ” ಎಂದಳು. ಆ ಮಾತು ಕೇಳಿದ ಮೇಲೆಯೇ ನಾನು ತಮಗೆ ಕರೆ ಮಾಡಿದ್ದು.

‘ನಿಮ್ಮ ತೊಂದರೆಯನ್ನು ಒಂದೇ ಪದದಲ್ಲಿ ಸ್ಪಷ್ಟವಾಗಿ ಹೇಳಿ’ ಎಂದು ತಾವು ಅಪ್ಪಣೆ ಕೊಡಿಸಿದಿರಿ. ನಾನು ‘ಮಾತು’ ಎಂದೆ. ತಾವು ‘ಮಾತ್ರೆ’ ಎಂದು ಗ್ರಹಿಸಿ ಔಷಧದ ಅಂಗಡಿಗೆ ಹೋಗಲು ಹೇಳಿದಿರಿ. ಮತ್ತೆ ಕರೆ ಮಾಡಿ ‘ನಾಲಿಗೆ’ ಎಂದೆ. ತಾವು ‘ನಾಳೆಗೆ’ ಎಂದು ಕೇಳಿಸಿಕೊಂಡು, ನಾಳೆ ಮಾತನಾಡೋಣ, ಶುಭದಿನ ಎಂದು ಹರಸಿ ಫೋನಿಟ್ಟಿರಿ. ಮಾತು ಕೆಟ್ಟವನು ತನ್ನ ಮಾತು ಕೆಟ್ಟಿದೆಯೆಂದು ಅಚ್ಚುಕಟ್ಟಾದ ಮಾತಿನಲ್ಲಿಯೇ ನಿವೇದಿಸತಕ್ಕದ್ದೆಂಬ ಈ ನಿಯಮವನ್ನು ಕಂಡುಹಿಡಿದ ಮಹನೀಯರಿಗೆ ಶಾಲು ಹೊದಿಸಬೇಕು. ಜೊತೆಗೆ, ಕಾಲು ಮುರಿದವರು ಮಹಡಿಯ ಮೇಲಿನ ಕಚೇರಿಗೆ ಓಡಿಬಂದು ದೂರು ಕೊಡುವ ಏರ್ಪಾಡನ್ನೂ ಅವರಿಂದಲೇ ಮಾಡಿಸಬೇಕು. ನನ್ನಾಕೆ ಫೋನು ಕಸಿದು ಗಟ್ಟಿಯಾಗಿ ಹೇಳಿದಾಗ ತಾವು ದೊಡ್ಡ ಮನಸ್ಸು ಮಾಡಿ ಒಬ್ಬ ಜೀವಂತ ಮನುಷ್ಯನಿಗೆ ಜೋಡಿಸಿದಿರಿ. ಆತ, “ಗೋಪ್ಯತೆ ನಿಯಮ ಇದೆಯಮ್ಮಾ, ರೋಗಿ ಜೊತೇನೇ ಮಾತಾಡ್ಬೇಕು” ಎಂದ. ರೋಗಿ ಮಾತನಾಡಿದ. ಆತ, “ಲೈನ್ ಸರಿಯಿಲ್ಲ” ಎಂದು ಕತ್ತರಿಸಿದ.

ಆಸ್ಪತ್ರೆಗೆ ಹೋದೆವು. ಶಸ್ತ್ರಚಿಕಿತ್ಸೆ ಮಾಡಿದ ದೊಡ್ಡ ಡಾಕ್ಟರು ನನ್ನ ತಲೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಸ್ವಂತ ಮಗಳ ಮದುವೆಯ ಫೋಟೋ ನೋಡುವಂತೆ ನೋಡಿ, “ತಂತಿ ಫಸ್ಟ್ ಕ್ಲಾಸಾಗಿ ಕೂತಿದೆ. ನನ್ನ ಕೆಲಸ ಮುಗೀತು. ಕರೆಂಟು ಹೊಂದಿಸೋರನ್ನ ಕೇಳಿ” ಎಂದರು. ಕರೆಂಟು ಹೊಂದಿಸುವ ವಿಭಾಗ ಅದೇ ಮೊಗಸಾಲೆಯ ಎದುರು ಬಾಗಿಲು. ಅಲ್ಲಿಯ ಕಿಟಕಿಯಲ್ಲಿ ಕೂತಿದ್ದಾತ, “ತುರ್ತಾ?” ಎಂದ. ನನ್ನಾಕೆ ಹೌದೆಂದಳು. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಉಸಿರಾಡ್ತಿದ್ದಾರಲ್ಲ. ಮೊದಲು ಸರ್ಜನ್ ಹತ್ರ ಬರೆಸ್ಕೊಂಡು ಬನ್ನಿ” ಎಂದ. ಸರ್ಜನ್ ಅಷ್ಟರಲ್ಲಿ ಇನ್ನೊಬ್ಬರ ತಲೆಯೊಳಗಿದ್ದರು.

ಎರಡೂ ಬಾಗಿಲುಗಳ ನಡುವಿನ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತವನಿಗೆ ಏನು ಹೊಕ್ಕಿತೋ, ಬೆಂಚು ಹತ್ತಿ ನಿಂತು, ಬಂದಷ್ಟು ನಾಲಿಗೆಯಲ್ಲಿ ಹರಾಜು ಕೂಗತೊಡಗಿದೆ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ನನ್ನಾಕೆ ನನ್ನ ಷರಟು ಜಗ್ಗಿ, “ಇಳೀರಿ, ಮಾನ ಹೋಗುತ್ತೆ” ಎಂದಳು. ಆಮೇಲೆ ಕಿಟಕಿಯವನು ನಗುವುದನ್ನು ಕಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಮುದ್ದೆ ಮಾತನ್ನೆಲ್ಲ ಬಿಡಿಸಿ ಬಿಡಿಸಿ ತಾನೇ ಕೂಗಿದಳು: “ಬಳಸಿದ ಗಂಡಸು, ಒಬ್ಬ! ಒಬ್ಬಳೇ ಒಡತಿಯ ಕೈಯಲ್ಲಿ ಬಾಳಿದ್ದು! ತೋಳು ಹೊಸದು, ನಾಲಿಗೆ ಕೆಟ್ಟಿದೆ, ಬ್ಯಾಟರಿ ಒಳಗೇ ಇದೆ! ಯಾವ ವಿಭಾಗದೋರು ತಗೋತೀರಿ? ಒಂದು ಸಾರಿ!” ತನ್ನ ಗಂಡನ ಪಕ್ಕ ಕೂತಿದ್ದ ಒಬ್ಬ ಹೆಂಗಸು, “ಬದಲಿಗೆ ನಮ್ಮೋರನ್ನ ತಗೋತೀರಾ?” ಎಂದಳು. ಮೊಗಸಾಲೆಯೆಲ್ಲ ಘೊಳ್ಳೆಂದಿತು. “ಎರಡು ಸಾರಿ!” ಎನ್ನುವಾಗ ನನ್ನಾಕೆಯ ದನಿ ಒಡೆದು ಅಳು ನುಗ್ಗಿತು, ಮೂರನೆಯದನ್ನು ಅವಳಿಗೆ ಕೂಗಲಾಗಲಿಲ್ಲ.

ಎದುರು ಬಾಗಿಲಿನಿಂದ ಕನ್ನಡಕದ ಡಾಕ್ಟರಮ್ಮ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತಿನೊಂದಿಗೆ, ಹೊರಬಂದರು. “ಮೊದಲು ಇಳೀರಿ, ಬಿದ್ದರೆ ಮೂಳೆ ವಿಭಾಗದೋರ ಪಾಲಾಗ್ತೀರಿ. ನಾನು ತಗೋತೀನಿ ಬನ್ನಿ” ಎಂದರು.

ಒಳಗೆ ಅವರು ನನ್ನ ಎದೆಯ ಮೇಲೆ ಒಂದು ಬಿಲ್ಲೆಯಿಟ್ಟು, ಕೈಯಲ್ಲಿನ ಪರದೆ ಒತ್ತುತ್ತ, ಕರೆಂಟು ತನ್ನ ಜಾಗ ಮೀರಿ ಮಾತಿನ ನರಗಳ ಕಡೆ ಚೆಲ್ಲುತ್ತಿರಬಹುದು ಎಂದು ಬಿಡಿಸಿ ಹೇಳಿದರು. ಇಳಿಸಿದರೆ ನಾಲಿಗೆ ಸಡಿಲವಾಯಿತು, ಕೈ ನಡುಗಿತು. ಏರಿಸಿದರೆ ಕೈ ಕಲ್ಲಾಯಿತು, ನಾಲಿಗೆಯೂ ಕಲ್ಲಾಯಿತು. ಬಹಳ ಹೊತ್ತು ಹೆಣಗಿ, “ಎರಡೂ ಪೂರ್ತಿ ಸಿಗಲ್ಲ. ಯಾವುದು ಹೆಚ್ಚು ಬೇಕು?” ಎಂದರು. ನಾನು ನನ್ನಾಕೆಯ ಮುಖ ನೋಡಿದೆ. “ನನ್ನನ್ನೇನು ನೋಡ್ತೀರಿ, ನಾಲಿಗೆ ನಿಮ್ಮದು” ಎಂದಳು. ನಾನು ಮಾತನ್ನು ಆರಿಸಿಕೊಂಡೆ. ತಿಂಗಳುಗಳ ಮೇಲೆ ನನ್ನ ಬಾಯಿಂದ ಬಂದ ಮೊದಲ ಇಡೀ ವಾಕ್ಯ, “ಡಾಕ್ಟ್ರೇ, ನಿಮ್ಮ ಫ್ಯಾನು ಕಿರುಗುಟ್ತಿದೆ, ಎಣ್ಣೆ ಬಿಡಿಸಿ” ಎಂಬುದು. “ಶುರುವಾಯ್ತು ನೋಡಿ” ಎಂದು ನನ್ನಾಕೆ ಕಣ್ಣೊರೆಸಿಕೊಂಡಳು.

ಈಗ ಕೈ ಅಷ್ಟಿಷ್ಟು ನಡುಗುತ್ತದೆ; ಸುತ್ತಿಗೆಯನ್ನು ಯಜಮಾನರು ಹಿಡಿಯುತ್ತಾರೆ, ಕೂಗುವುದು ನಾನು, ನಿಧಾನವಾಗಿ. ಡಾಕ್ಟರಮ್ಮ ಇನ್ನು ಮುಂದೆ ಸರ್ಜನ್ ಹತ್ತಿರ ಬರೆಸಿಕೊಳ್ಳದೆ ಕರೆಂಟಿನ ವಿಭಾಗಕ್ಕೇ ನೇರವಾಗಿ ಬರಲು ಹೇಳಿದ್ದಾರೆ.

ತಮ್ಮಲ್ಲಿ ನನ್ನ ಕೋರಿಕೆಗಳು ಎರಡೇ. ಒಂದು, ನನ್ನ ತಲೆಯೊಳಗಿನ ಯಂತ್ರವೂ ತಾವೂ ಒಂದೇ ಮನೆಯಲ್ಲಿ ಹುಟ್ಟಿದವರಾದ್ದರಿಂದ, ಒಡಹುಟ್ಟಿದವರ ಸಲಿಗೆಯಲ್ಲಿ ತಾವೇ ಅದಕ್ಕೊಂದು ಬುದ್ಧಿಮಾತು ಹೇಳಬೇಕು. ಎರಡು, ಆ ತುದಿಯಿಂದ ಏನೂ ಕೇಳಿಸದಿದ್ದಾಗ ದಯವಿಟ್ಟು ಕೂಡಲೇ ಫೋನಿಡಬೇಡಿ. ಅಲ್ಲಿ ಯಾರೂ ಇಲ್ಲವೆಂದಲ್ಲ. ಒಬ್ಬ ಮನುಷ್ಯ ಮೊದಲಕ್ಷರದ ಜೊತೆ ಗುದ್ದಾಡುತ್ತಿದ್ದಾನೆ.

ಇಂತು, ಈಗಲೂ ಲೈನಿನಲ್ಲೇ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಹರಾಜಿನವನು

ಮರೆತ ಮಾತು: ಹೊಸ ಮಾದರಿ ಬಂದಿದೆ, ಹಳೆಯದನ್ನು ಮರಳಿಸಿದರೆ ರಿಯಾಯಿತಿ ಎಂದು ನಿನ್ನೆ ತಾವಾಗಿಯೇ ಕರೆ ಮಾಡಿದ್ದಕ್ಕೆ ಕೃತಜ್ಞ. ಹಳೆಯದು ನನ್ನ ಮಿದುಳಿನಲ್ಲಿದೆ. ಒಯ್ಯಲು ಬರುವವರು ಬಾಗಿಲು ತಟ್ಟಲಿ. ನನ್ನಾಕೆ ಮನೆಯಲ್ಲೇ ಇರುತ್ತಾಳೆ, ಅವರ ತಲೆಯನ್ನು ಮೊದಲು ಬಿಚ್ಚಿ ನೋಡಿ, ಒಳಗೆ ಏನಾದರೂ ಇದ್ದರೆ ಮಾತ್ರ ಒಳಗೆ ಬಿಡುತ್ತಾಳೆ.