ಕಂಪ್ಯೂಟರಿಗೆ ನನ್ನ ಶಸ್ತ್ರಚಿಕಿತ್ಸೆ

ನನ್ನ ಕೈಗುಣದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ನಂಬಿಕೆಯಿಲ್ಲ. ನಾನು ಸ್ಕ್ರೂಡ್ರೈವರ್ ಹಿಡಿದರೆ ಸಾಕು, ಹೆಂಡತಿ ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡುತ್ತಾಳೆ. ನಾನು ಬಿಗಿಮಾಡಲು ಹೊರಟದ್ದು ಕನ್ನಡಕದ ಕಡ್ಡಿಯಾದರೂ ಸರಿ!

ಅವಳು ಫೋಟೋಗ್ರಾಫರ್. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ, ಅಲ್ಲಿರುವ ಕಂಪ್ಯೂಟರೇ ಅವಳ ಜೀವ. (ನಾನು ಬರೀ ಜೀವನಸಂಗಾತಿ.) ಆ ಜೀವಕ್ಕೆ ಇತ್ತೀಚೆಗೆ ಮೂರ್ಛೆರೋಗ ಹಿಡಿದಿತ್ತು. ನೆಟ್ಟಗೆ ಕೆಲಸ ಮಾಡುತ್ತಿದ್ದದ್ದು ಇದ್ದಕ್ಕಿದ್ದಂತೆ ಆರಿಹೋಗುವುದು, ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಿದರೆ ಎದ್ದು ಮತ್ತೆ ಬೀಳುವುದು. ರಿಪೇರಿಯವನ "ನಾಳೆ ಬರ್ತೀನಿ" ಎಂಬ ಮಾತಿಗೆ ಮಾತ್ರ ಯಾವ ರೋಗವೂ ತಗುಲಿರಲಿಲ್ಲ.

ಅದರ ಹೊಟ್ಟೆಯೊಳಗೆ ಒಂದು ಮದುವೆಯ ಅಷ್ಟೂ ಫೋಟೋಗಳಿದ್ದವು. ಕ್ಯಾಮೆರಾದ ಕಾರ್ಡನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಯಾಗಿತ್ತು. ಇನ್ನೊಂದು ಕಡೆ ನಕಲು ಮಾಡಿಡೋಣವೆಂದರೆ ಅರ್ಧದಲ್ಲೇ ಮೂರ್ಛೆ. ಆಲ್ಬಂಗೆ ಫೋಟೋ ಆರಿಸಲು ಮದುಮಗಳು ಅವತ್ತು ಸಾಯಂಕಾಲವೇ ಬರುವವಳಿದ್ದಳು.

"ನಾನು ಒಂದು ಮಗುವಿನ ಫೋಟೋ ತೆಗೆದು ಬರ್ತೀನಿ. ನೀವು ಅದನ್ನ ಮುಟ್ಟಬೇಡಿ," ಎಂದಳು ಹೆಂಡತಿ, ಚೀಲ ಹೆಗಲಿಗೇರಿಸುತ್ತಾ.

"ನಾನ್ಯಾಕೆ ಮುಟ್ಲಿ?"

"ರೀ, ಹಾಗೆ ಹೇಳಿದಾಗ್ಲೇ ನಂಗೆ ಭಯ."

ಅವಳು ಬೀದಿಯ ತಿರುವು ದಾಟಿದ್ದೇ ತಡ, ನಾನು ಅಂಗಿಯ ತೋಳು ಮಡಚಿದೆ. ಅಷ್ಟು ರಿಪೇರಿ ವಿಡಿಯೋ ನೋಡಿದ್ದು ಸುಮ್ಮನೆಯೇ? ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದೆ. ಒಳಗಿನ ಫ್ಯಾನು ಉಣ್ಣೆಯ ಶಾಲು ಹೊದ್ದುಕೊಂಡಂತೆ ಧೂಳು ಹೊದ್ದು ಕೂತಿತ್ತು. ಗಾಳಿಯಾಡದೆ ಬಿಸಿಯೇರಿ ಪಾಪ ಮೂರ್ಛೆ ಹೋಗುತ್ತಿದೆ! ಬಚ್ಚಲಿನಿಂದ ಒಂದು ಹಳೆಯ ಹಲ್ಲುಜ್ಜುವ ಬ್ರಷ್ ತಂದು ಉಜ್ಜಿ ಉಜ್ಜಿ ತೆಗೆದೆ. ಕೂತರೆ ಸೀನು, ನಿಂತರೆ ಸೀನು.

ಸೀನಿನ ಸದ್ದಿಗೆ ಅತ್ತೆ ಬಂದು ಬಾಗಿಲಲ್ಲಿ ನಿಂತರು. "ಅಳಿಯಂದ್ರೇ, ಆ ಬ್ರಷ್ ಎಲ್ಲಿ ಸಿಕ್ತು?"

"ಹಳೇದು ಅತ್ತೆ, ಬಚ್ಚಲಲ್ಲಿತ್ತು."

"ಹಳೇದಲ್ಲ. ನಂದು."

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಗೆದ್ದಿರುತ್ತಿದ್ದೆ. ಆದರೆ ಮೆಮೊರಿ ಪಟ್ಟಿಗಳನ್ನು ಕಿತ್ತು, ರಬ್ಬರಿನಿಂದ ಉಜ್ಜಿ ಹಾಕಬೇಕೆಂದು ಯಾವನೋ ವಿಡಿಯೋದಲ್ಲಿ ಹೇಳಿದ್ದ. ಕಿತ್ತೆ, ಉಜ್ಜಿದೆ. ಕಂಪ್ಯೂಟರಿನ ನೆನಪಿನ ಶಕ್ತಿ ನನ್ನ ಅಂಗೈಯಲ್ಲಿತ್ತು. ಯಾವುದನ್ನು ಎಲ್ಲಿಂದ ಕಿತ್ತೆ ಎಂಬುದು ಮಾತ್ರ ನನ್ನ ನೆನಪಿನಲ್ಲಿರಲಿಲ್ಲ. ಅಂದಾಜಿನಲ್ಲಿ ಸಿಕ್ಕಿಸಿ, ದೇವರನ್ನು ನೆನೆದು ಗುಂಡಿ ಒತ್ತಿದೆ.

ಪರದೆ ಕಪ್ಪು. ಒಳಗಿನಿಂದ ಬೀಪ್... ಬೀಪ್... ಬೀಪ್...

"ಅಳ್ತಾ ಇದೆ," ಎಂದರು ಅತ್ತೆ.

ಗಾಬರಿಯಲ್ಲಿ ಹಿಂದಿನ ವೈರುಗಳನ್ನೆಲ್ಲ ಕಿತ್ತು, ಕಂಡ ಕಂಡ ತೂತಿಗೆ ಸಿಕ್ಕಿಸಿದೆ. ಅಳು ನಿಲ್ಲಲಿಲ್ಲ. ಮೇಜಿನ ಮೇಲೆ ಒಂದು ಸ್ಕ್ರೂ ಬೇರೆ ಅನಾಥವಾಗಿ ಉಳಿದಿತ್ತು. ಒಂದು ಮದುವೆಯನ್ನೇ ಅಳಿಸಿಬಿಟ್ಟೆನಲ್ಲಾ! ಆ ಹುಡುಗಿಗೆ ಏನೆಂದು ಹೇಳುವುದು? ಇನ್ನೊಂದು ಸಲ ಮದುವೆಯಾಗಮ್ಮಾ ಎಂದೇ?

ಅಷ್ಟರಲ್ಲಿ ಗೇಟಿನ ಸದ್ದು. ಹೆಂಡತಿ ಒಬ್ಬಳೇ ಬಂದಿರಲಿಲ್ಲ, ಜೊತೆಯಲ್ಲಿ ಮದುಮಗಳೂ ಇದ್ದಳು. ನಾನು ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕೈಚಾಚಿ ನಿಂತೆ.

"ಮೊದಲು ಕಾಫಿ ಕುಡೀರಿ," ಎಂದೆ.

ಹೆಂಡತಿ ನನ್ನ ಮೂಗಿನ ಮೇಲಿನ ಧೂಳನ್ನು ನೋಡಿದಳು. ಕೈಯಲ್ಲಿದ್ದ ಬ್ರಷ್ ನೋಡಿದಳು. "ಬಿಚ್ಚಿದ್ರಾ?"

"ಸ್ವಲ್ಪ."

"ಎಲ್ಲಾ," ಎಂದರು ಅತ್ತೆ ಒಳಗಿನಿಂದ.

ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿದೆ. ಅವಳು ಬೈಯಲಿಲ್ಲ, ಅದು ಇನ್ನೂ ಭಯಂಕರ. ನನ್ನ ತೋಳಿನಡಿ ನುಸುಳಿ ಹೋಗಿ, ಪ್ಲಗ್ ಕಿತ್ತು ನೆಲದ ಮೇಲೆ ಕೂತು ಪೆಟ್ಟಿಗೆಯೊಳಗೆ ಇಣುಕಿದಳು. "ಟಾರ್ಚ್ ಹಿಡೀರಿ. ನನ್ನ ಮುಖಕ್ಕಲ್ಲ, ಅಲ್ಲಿಗೆ." ಒಂದು ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಟಕ್! "ಪೂರ್ತಿ ಕೂತೇ ಇಲ್ಲ ಇದು." ಮತ್ತೆ ಗುಂಡಿ ಒತ್ತಿದಾಗ ಅಳು ನಿಂತಿತ್ತು, ಫ್ಯಾನು ತಿರುಗಿತು. ಪರದೆ ಮಾತ್ರ ಹಾಗೇ ಕಪ್ಪಗಿತ್ತು.

ಮದುಮಗಳ ಮುಖ ಸಣ್ಣದಾಯಿತು. "ಅಕ್ಕಾ, ಫೋಟೋ ಇದಾವಲ್ಲಾ? ನಮ್ಮಜ್ಜಿ ನಕ್ಕಿದ್ದು ಅವತ್ತೊಂದೇ ದಿನ."

ಹೆಂಡತಿ ಪೆಟ್ಟಿಗೆಯ ಹಿಂದಕ್ಕೆ ಕೈಹಾಕಿ ವೈರುಗಳನ್ನು ತಡವಿದಳು. "ರೀ, ಮಾನಿಟರಿನ ವೈರನ್ನ ಈ ತೂತಿಗೆ ಯಾರು ಹಾಕಿದ್ದು?" ನಾನು ಗೋಡೆ ನೋಡಿದೆ. ಅವಳು ಅದನ್ನು ಕಿತ್ತು ಕೆಳಗಿನ ತೂತಿಗೆ ಸಿಕ್ಕಿಸಿದಳು.

ಪರದೆ ಬೆಳಗಿತು. ಒಂದೊಂದಾಗಿ ಫೋಟೋಗಳು ತೆರೆದುಕೊಂಡವು: ಹಾರ, ನೆಂಟರು, ಬೊಚ್ಚುಬಾಯಿ ತೆರೆದು ನಗುತ್ತಿರುವ ಅಜ್ಜಿ. ಮದುಮಗಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ನಾನು ಅತ್ತೆಯ ಕುರ್ಚಿಯಲ್ಲಿ ಕೂತುಬಿಟ್ಟೆ. ಅತ್ತೆ ಏಳಿ ಎನ್ನಲಿಲ್ಲ, ನೀರು ತಂದುಕೊಟ್ಟರು. ಹೆಂಡತಿ ಎಲ್ಲಕ್ಕಿಂತ ಮೊದಲು ನಕಲು ಮಾಡಲು ಹಚ್ಚಿದಳು. ಮೂರ್ಛೆಯಿಲ್ಲದೆ ಪೂರ್ತಿ ಮುಗಿಯಿತು.

"ನೋಡಿದ್ಯಾ? ಧೂಳೇ ಕಾಯಿಲೆ!" ಎಂದೆ, ನೀರಿನಿಂದ ಬಂದ ಧೈರ್ಯದಲ್ಲಿ.

"ಹೌದು," ಎಂದು ಹೆಂಡತಿ ಒಪ್ಪಿದಳು. (ಸಾಕ್ಷಿಗಳಿದ್ದಾರೆ.)

ಮದುಮಗಳು ಕಣ್ಣರಳಿಸಿದಳು. "ಭಾವಾ, ನಮ್ಮನೇ ಕಂಪ್ಯೂಟರೂ ಹೀಗೇ ಆಫ್ ಆಗುತ್ತೆ. ಭಾನುವಾರ ಬರ್ತೀರಾ?"

ಎದೆ ಉಬ್ಬಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, "ಇಬ್ರೂ ಬರ್ತೀವಿ," ಎಂದಳು.

ಭಾನುವಾರ ಹೋದೆವು. ತಾನೂ ಬರುತ್ತೇನೆಂದು ಅತ್ತೆಯೂ ಹೊರಟರು, ತಮ್ಮ ಹೊಸ ಬ್ರಷ್ಷನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ಬಾಗಿಲು ತೆರೆದದ್ದು ಫೋಟೋದ ಅಜ್ಜಿ.

"ರಿಪೇರಿ ಮಾಡೋರು ಯಾರಮ್ಮ?"

ಅತ್ತೆ ಮಗಳ ಕಡೆ ಕೈ ತೋರಿಸಿದರು.

"ಮತ್ತೆ ಇವ್ರು?"

"ಇವ್ರು ಟಾರ್ಚು," ಎಂದರು ಅತ್ತೆ.

ಬೊಚ್ಚುಬಾಯಿಯ ಅಜ್ಜಿ ಎರಡನೆಯ ಸಲ ನಕ್ಕದ್ದು ಆಗ.