ಮಾವ್ಶಿ ಹುಡುಕಿದ ಹಳೇ ತಿರುವು

ನನ್ನ ಮಾವ್ಶಿಯನ್ನು ಕಾರಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗುವುದಕ್ಕಿಂತ ಮೈಸೂರನ್ನೇ ಮಂಗಳೂರಿಗೆ ತರಿಸುವುದು ಸುಲಭ!

ಮಾವ್ಶಿ ಅಂದರೆ ಅಮ್ಮನ ಅಕ್ಕ. ಅರ್ಧ ಆಯುಷ್ಯ ಗಲ್ಫಿನಲ್ಲಿ ನರ್ಸಾಗಿ ದುಡಿದು, ಈಗ ಕಂಕನಾಡಿಯ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಾಳೆ. ನಿವೃತ್ತರಾದವರು ಜಪಸರ ಹಿಡಿಯುತ್ತಾರೆ, ಮಲ್ಲಿಗೆ ಗಿಡ ಹಿಡಿಯುತ್ತಾರೆ. ಇವಳು ಹಿಡಿದದ್ದು ರಸ್ತೆಯನ್ನು. ಅದೂ ಎಂಥ ರಸ್ತೆ? ಈಗ ಇಲ್ಲದ ರಸ್ತೆ! ಮಡಿಕೇರಿ ಹೆದ್ದಾರಿಯನ್ನು ನೇರ ಮಾಡಿದಾಗ ಬದಿಗೆ ಬಿದ್ದ ಹಳೇ ತಿರುವುಗಳ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವುದು ಅವಳ ಕಸುಬು. ಅದನ್ನು ನೋಡಿ ಯಾರೋ ಪುಣ್ಯಾತ್ಮರು, ಮೈಸೂರಿನಲ್ಲಿ ನಡೆಯುವ ಹಳೇ ಹೆದ್ದಾರಿಗಳ ಸಮ್ಮೇಳನದಲ್ಲಿ ಮಾತಾಡಲು ಕರೆದುಬಿಟ್ಟರು. ಕಾರು ಬಿಡುವ ಯೋಗ ನನ್ನದು.

ಬಿಕರ್ನಕಟ್ಟೆಯ ಇಗರ್ಜಿ ಎದುರೇ ಮೊದಲ ಬ್ರೇಕು. "ನಿಲ್ಲಿಸು, ಬಾಲ ಯೇಸುವಿಗೆ ಹೇಳಿ ಹೋಗುವ."

"ಮಾವ್ಶಿ, ನಾವಿನ್ನೂ ಊರೇ ದಾಟಲಿಲ್ಲ!"

"ದಾಟಿದ ಮೇಲೆ ಹೇಳಿದರೆ ಎಂತ ಪ್ರಯೋಜನ ಮಾರಾಯ್ತಿ?"

ಪುತ್ತೂರು ದಾಟಿದ ಮೇಲಂತೂ ಕೇಳುವುದೇ ಬೇಡ. ಎಲ್ಲಿ ಹಳೇ ಡಾಮರಿನ ತುಂಡು ಕಂಡರೂ ಕಾರು ಅತ್ತ ತಿರುಗಬೇಕು. ಒಂದು ಕಡೆ ಹಾಗೆ ತಿರುಗಿದ್ದೇ ತಡ, ರಸ್ತೆ ಹೋಗಿ ಒಬ್ಬರ ಅಂಗಳದಲ್ಲಿ ಮುಗಿಯಿತು. ಕಾಳುಮೆಣಸು ಒಣಹಾಕುತ್ತಿದ್ದ ಹೆಂಗಸು ಎದ್ದು ನಿಂತರು.

"ಯಾರು ಬೇಕಿತ್ತು?"

"ಯಾರೂ ಬೇಡ," ಎಂದಳು ಮಾವ್ಶಿ. "ನಿಮ್ಮ ಅಂಗಳದಲ್ಲಿ ಹೆದ್ದಾರಿ ಉಂಟಲ್ಲ, ಅದನ್ನು ನೋಡ್ಲಿಕ್ಕೆ ಬಂದದ್ದು."

ಆ ಹೆಂಗಸು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಇವರಿಗೆ ಹುಷಾರಿಲ್ವಾ?"

"ಹಾಗೇನಿಲ್ಲ, ಹುಷಾರು ಸ್ವಲ್ಪ ಜಾಸ್ತಿ!"

ಅಷ್ಟರಲ್ಲಿ ಮಾವ್ಶಿ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದಳು. ಎಲ್ಲ ಕಡೆಯೂ ಅವಳದು ಒಂದೇ ಪ್ರಶ್ನೆ: "ಮೊದಲು ಇಲ್ಲೆಲ್ಲಾದರೂ ರಸ್ತೆಗೆ ತಾಗಿ ಹಂಚಿನ ಮನೆ, ಅದರೆದುರು ಕಲ್ಲಿನ ಮೋರಿ ಇತ್ತಾ?" ಜನ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಇದೆಲ್ಲ ಭಾಷಣದ ತಯಾರಿ ಎಂದುಕೊಂಡು ನಾನು ಹಲ್ಲುಕಚ್ಚಿ ಗೇರು ಬದಲಿಸಿದೆ.

ಸಮ್ಮೇಳನದಲ್ಲಿ ರಾಜರ ಕಾಲದ ರಸ್ತೆ, ಬ್ರಿಟಿಷರ ಕಾಲದ ರಸ್ತೆ ಎಲ್ಲ ಪರದೆಯ ಮೇಲೆ ಬಂದುಹೋದವು. ಸಭೆ ಅರ್ಧ ನಿದ್ದೆಯಲ್ಲಿತ್ತು. ಮಾವ್ಶಿ ಎದ್ದು ಮೈಕು ಹಿಡಿದಳು.

"ನನಗೆ ಚರಿತ್ರೆ ಗೊತ್ತಿಲ್ಲ. ನಾನು ಒಂದು ಮನೆ ಹುಡುಕ್ತಾ ಇದ್ದೇನೆ."

ಸಭೆ ಎಚ್ಚರವಾಯಿತು. ನಾನೂ.

ಮಡಿಕೇರಿಯಲ್ಲಿದ್ದ ತುಂಬುಗರ್ಭಿಣಿ ತಂಗಿಯನ್ನು ಹೆರಿಗೆಗೆ ಮಂಗಳೂರಿಗೆ ಕರೆತರುತ್ತಿದ್ದಳಂತೆ. ಆಗಿನ್ನೂ ಹೊಸ ನರ್ಸು. ಮಳೆ, ಮಂಜು. ಘಾಟಿಯಲ್ಲಿ ಮರ ಬಿದ್ದು ಬಸ್ಸು ನಿಂತಿತು, ನೋವು ಶುರುವಾಯಿತು. ರಸ್ತೆ ಬದಿಯ ಮನೆಯ ಹೆಂಗಸು ಓಡಿಬಂದು ಇಬ್ಬರನ್ನೂ ಜಗಲಿಗೆ ಕರೆದೊಯ್ದಳು. ನೀರು ಕಾಯಿಸಿದಳು, ತನ್ನ ಸೀರೆ ಹರಿದು ಕೊಟ್ಟಳು.

"ಹುಟ್ಟಿದ ಮಗು ಅಳಲಿಲ್ಲ. ನಾನೇ ಅತ್ತುಬಿಟ್ಟೆ. ಉಸಿರು ಇತ್ತೋ ಇಲ್ಲವೋ ಎನ್ನುವ ಹಾಗೆ ಇತ್ತು. ಜೀಪು ಸಿಕ್ಕಿತು, ಎದೆಗೆ ಒತ್ತಿಕೊಂಡು ಓಡಿದೆವು. ಆ ಹೆಂಗಸಿನ ಹೆಸರು ಕೇಳಲಿಲ್ಲ. ಗಲ್ಫಿನಿಂದ ಬಂದು ಹುಡುಕಿದರೆ ರಸ್ತೆಯೇ ಬೇರೆ."

ನೀನು ಘಾಟಿಯಲ್ಲಿ ಹುಟ್ಟಿದವಳು ಎಂದು ಅಮ್ಮ ಬೈಯುವಾಗ ಹೇಳುತ್ತಿದ್ದಳು. ಬೈಗುಳ ಎಂದುಕೊಂಡಿದ್ದೆ. ಅಮ್ಮ ಈಗ ಇಲ್ಲ. ಅಷ್ಟು ಜನರ ನಡುವೆ ಕುರ್ಚಿಯಲ್ಲಿ ಕೂತು, ನನ್ನ ಕೈಕಾಲುಗಳನ್ನು ಹೊಸದಾಗಿ ನೋಡಿಕೊಂಡೆ.

ಚಹಾದ ಹೊತ್ತಿಗೆ ಸಂಪಾಜೆ ಕಡೆಯ ಮೇಷ್ಟ್ರೊಬ್ಬರು ಬಂದರು. "ನೀವು ಹೇಳಿದ ಮೋರಿ ಈಗಲೂ ಉಂಟು. ಹೊಸ ರಸ್ತೆ ಮೇಲಿನಿಂದ ಹೋಗಿದೆ. ಆ ತಿರುವು ಕೆಳಗೆ ಉಳಿದಿದೆ. ಕಾರಿನಲ್ಲಿ ಹೋಗುವವರಿಗೆ ಕಾಣುವುದಿಲ್ಲ." ದಾರಿಯನ್ನೂ ಹೇಳಿಕೊಟ್ಟರು.

ಮರುದಿನ ಮಧ್ಯಾಹ್ನ ಕಾರು ಮೇಲೆ ನಿಲ್ಲಿಸಿ ಇಳಿದೆವು. ಮೋರಿಯ ಮೇಲೆ ಪಾಚಿ. ಎದುರಿಗೆ ಹಂಚಿನ ಮನೆಯಲ್ಲ, ತಾರಸಿ ಮನೆ. ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬರು ತಲೆ ಎತ್ತಿದರು. ಮಾವ್ಶಿ ಕೇಳಿದ್ದಕ್ಕೆ ಅವರು ಹೇಳಿದರು:

"ಅದು ನನ್ನ ಅತ್ತೆ. ತೀರಿಹೋಗಿ ಕೆಲವು ವರ್ಷ ಆಯ್ತು. ನಮ್ಮ ಜಗಲಿಯಲ್ಲಿ ಒಂದು ಮಗು ಹುಟ್ಟಿತ್ತು ಅಂತ ಯಾವಾಗಲೂ ಹೇಳೋರು. ಕೊನೆಗಾಲದಲ್ಲೂ ಕೇಳೋರು, ಆ ಮಗು ಉಳೀತೋ ಏನೋ ಅಂತ."

ಮಾವ್ಶಿ ನನ್ನ ಭುಜ ಹಿಡಿದು ಮುಂದಕ್ಕೆ ನೂಕಿದಳು. "ಉಳಿದಿದ್ದಾಳೆ," ಎಂದಳು. "ನೋಡಿ. ದಪ್ಪವೂ ಆಗಿದ್ದಾಳೆ."

ಆ ಹೆಂಗಸು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಗಲ್ಲ ಮುಟ್ಟಿದರು. ಕೈ ಹಿಡಿದು ಒಳಗೆ ಕರೆದೊಯ್ದರು. ಗೋಡೆಯ ಫೋಟೋದ ಎದುರು ದೀಪ ಹಚ್ಚಿ, ನಲವತ್ತು ದಾಟಿದ ನನ್ನನ್ನು ಮುಂದೆ ನಿಲ್ಲಿಸಿ, ಮೆಲ್ಲಗೆ ಹೇಳಿದರು:

"ಅತ್ತೆ, ಮಗು ಬಂದಿದೆ."