ಗ್ವಾಡಿಗೆ ಬೂಷ್ಟು, ಎದಿಗೆ ನಡುಕ

ರಾಯಚೂರಿನಲ್ಲಿ ಎದೆರೋಗದ ಡಾಕ್ಟರೊಬ್ಬರ ದವಾಖಾನೆಯಲ್ಲಿ ನಾನು ನರ್ಸ್. ನಿಮ್ಮಂಥ ಬಿಸಿಲೂರಿನಲ್ಲಿ ಬೂಷ್ಟು ಎಲ್ಲಿಂದ ಬಂತು ಎಂದು ಹೊರಗಿನವರು ನಗುತ್ತಾರೆ. ಮಳೆ ಒಂದಿಷ್ಟು ಜಡಿದರೆ ಸಾಕು, ಕೆಮ್ಮುವವರ ಜೊತೆಗೆ ಅವರ ಮನೆಯ ಗೋಡೆಗಳ ಕಥೆಯೂ ನಮ್ಮ ಬೆಂಚಿಗೆ ಬಂದು ಕೂರುತ್ತದೆ. ರೋಗ ಅರ್ಧ, ಹೆದರಿಕೆ ಅರ್ಧ.

ಗೋಡೆಯ ಮಾರಿ

ಗಬ್ಬೂರಿನ ಕಡೆಯ ಗಂಡಹೆಂಡತಿ ಬಂದಿದ್ದರು. ಗಂಡನಿಗೆ ಮಲಗಿದರೆ ದಮ್ಮು. ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದಳು: "ಸಿಸ್ಟರ್, ಇದು ಗುಳಿಗಿಗೆ ಹೋಗೋದಲ್ರಿ. ಯಾರೋ ಭಾನಾಮತಿ ಮಾಡಿಸ್ಯಾರ. ಇವರು ಮಲಗೋ ಕಡಿ ಗ್ವಾಡಿ ಮ್ಯಾಲ ಕರೀ ಮಾರಿ ಮೂಡ್ಯದ. ದಿನಾ ಬೆಳ್ಯಾಕತ್ತದ."

ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಎರಡು ಕಣ್ಣು, ತೆರೆದ ಬಾಯಿ, ಥೇಟ್ ಮನುಷ್ಯನ ಮುಖ. ನನಗೂ ಮೈ ಜುಂ ಎಂದಿತು.

ಡಾಕ್ಟರು ನೋಡಿ, "ಈ ಗ್ವಾಡಿ ಆಚಿ ಕಡಿ ಏನದ?" ಎಂದರು.

"ಬಚ್ಚಲರಿ."

"ಬಚ್ಚಲದ ನೀರು ಇಳದು ಬೂಷ್ಟು ಹಿಡದದ. ಅದು ಉಸಿರಿನ ಜೋಡಿ ಒಳಗ ಹೋಗಿ ದಮ್ಮು ಏಳಾಕತ್ತದ. ಮೊದಲು ಬಚ್ಚಲ ರಿಪೇರಿ ಮಾಡಸ್ರಿ, ಮಂಚ ಬ್ಯಾರೆ ಕಡಿ ಹಾಕ್ರಿ."

ಔಷಧಿ ಮುಗಿದ ಮೇಲೆ ಮತ್ತೆ ಬಂದರು. ಗಂಡ ಆರಾಮಾಗಿ ಉಸಿರಾಡುತ್ತಿದ್ದ. ಹೆಂಡತಿಯ ಮುಖ ಮಾತ್ರ ಸಣ್ಣದಾಗಿತ್ತು.

"ಮತ್ತೇನಾತವ್ವಾ? ಮಾರಿ ಹೋತಿಲ್ಲೋ?"

"ಹೋತ್ರಿ. ನಮಗ ದೆವ್ವ ಕಂಡಿತ್ತು, ನಮ್ಮತ್ತಿ ಕಣ್ಣಿಗೆ ದೇವರು ಕಂಡಿದ್ದ. ದಿನಾ ಊದಿನಕಡ್ಡಿ ಹಚ್ಚತಿದ್ಲು. ದೇವರಿಗೆ ಸುಣ್ಣ ಬಳದೀರಿ ಅಂತ ಈಗ ಉಣ್ಣದ ಕುಂತಾಳ."

ವಾಪಸ್ ಬೇಕಾದ ಮಾಫಿ

ಮಾನ್ವಿಯ ಮಾಸ್ತರೊಬ್ಬರಿಗೆ ಬೇಸಿಗೆಯಲ್ಲಿ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಂಡರು. ತಮಗೆ ಬಂದಿರುವುದು ಬದುಕಗೊಡುವ ರೋಗವಲ್ಲ ಎಂದು ತಾವೇ ತೀರ್ಮಾನಿಸಿ, ನಮ್ಮಲ್ಲಿಗೆ ಬರುವ ಮುಂಚೆ ಬಂಧುಬಳಗವನ್ನೆಲ್ಲ ಕರೆಸಿ ಕಡೆಯ ಮಾತು ಆಡಿ ಮುಗಿಸಿದ್ದರು.

ಎಕ್ಸ್‌ರೇ, ಕಫದ ಪರೀಕ್ಷೆ ಎರಡರಲ್ಲೂ ಏನೂ ಇರಲಿಲ್ಲ. ಡಾಕ್ಟರು ಮನೆಯ ಕೂಲರಿನ ಬಗ್ಗೆ ಕೇಳಿದರು. ಮಾಸ್ತರ ಹೆಂಡತಿ ಹೇಳಿದರು: "ಕೂಲರಿನ ಜಾಳಗ್ಯಾಗ ಹೋದ ವರ್ಷದ ಹುಲ್ಲೇ ಅದರಿ. ಅದರ ಮುಂದೇ ಮಲಗ್ತಾರ."

ಮನೆಗೆ ಹೋಗಿ ಬಿಚ್ಚಿದರೆ ಹುಲ್ಲಿಗೆಲ್ಲ ಹಸಿರುಗಪ್ಪು ಬೂಷ್ಟು. ಆ ಗಾಳಿಯನ್ನೇ ಅವರು ಕುಡಿಯುತ್ತಿದ್ದದ್ದು. ಹುಲ್ಲು ಬದಲಿಸಿದರು, ಟ್ಯಾಂಕ್ ತಿಕ್ಕಿ ತೊಳೆದರು. ಕೆಮ್ಮು ಇಳಿಯಿತು.

ಮುಂದಿನ ಸಲ ಬಂದಾಗ ಮಾಸ್ತರು ಮುಖ ಗಂಟು ಹಾಕಿ ಕೂತಿದ್ದರು. ಹೆಂಡತಿ ನನ್ನ ಕಿವಿಯಲ್ಲಿ ಹೇಳಿದರು: "ಮಾತು ಬಿಟ್ಟಿದ್ದ ತಮ್ಮನ ಕೈ ಹಿಡದು, ತಪ್ಪೆಲ್ಲಾ ನಂದೇ ಅಂತ ಅತ್ತು ಮಾಫಿ ಕೇಳಿದ್ರು. ಈಗ ಸಾಯಂಗಿಲ್ಲ ಅಂತ ಗೊತ್ತಾಗ್ಯದಲ್ಲ, ಆ ಮಾಫಿ ವಾಪಸ್ ಬೇಕಂತ."

ನಮ್ಮ ಮನೆಯದು

ಇಂಥವನ್ನೆಲ್ಲ ಕೇಳಿ ಕೇಳಿ ನನ್ನ ಗಂಡನಿಗೆ ಬೂಷ್ಟಿನ ಭಯ ಹೊಕ್ಕಿತ್ತು. ನಮ್ಮ ಬಚ್ಚಲಿನ ಮೂಲೆ ಕಪ್ಪಾದದ್ದು ಕಂಡು, "ಇದು ಕೊರೊನಾದಾಗ ಬಂದಿತ್ತಲ್ಲ, ಆ ಬ್ಲ್ಯಾಕ್ ಫಂಗಸ್" ಎಂದ.

"ಅದು ಬ್ಯಾರೆ, ಇದು ಬ್ಯಾರೆ. ಆದ್ರ ನಿಮ್ಮವ್ವಗ ದಮ್ಮು ಅದ, ಬಿಡಬಾರದು. ನಾ ಬಂದು ಒರಸ್ತೀನಿ" ಎಂದು ಹೇಳಿ ಕೆಲಸಕ್ಕೆ ಹೋದೆ.

ಆತನಿಗೆ ತಡೆಯಲಾಗಲಿಲ್ಲ. ಬ್ಲೀಚಿಂಗ್ ಪುಡಿಯ ಮೇಲೆ ಆ್ಯಸಿಡ್ ಸುರಿದ. ಅವೆರಡು ಕೂಡಿದರೆ ವಿಷದ ಗಾಳಿ ಏಳುತ್ತದೆ. ದವಾಖಾನೆಗೆ ಬಂದ ಆತನ ಫೋನಿನಲ್ಲಿ ಬರೀ ಕೆಮ್ಮು, ನಡುವೆ ಎರಡು ಮಾತು: "ಹೊರಗ ಬಂದೀನಿ. ಅವ್ವ ಕಾಣವಲ್ಲಳು."

ಕೆಲಸ ಬಿಟ್ಟು ಹೊರಟೆ. ಅತ್ತೆಗೆ ಮೊಣಕಾಲು ನೋವು. ಎಬ್ಬಿಸಲು ಇಬ್ಬರು ಬೇಕು. ಆಟೋದಲ್ಲಿ ಕೂತು ಏನೇನು ನೆನೆಸಿಕೊಂಡೆನೋ, ಹೇಳಲಾರೆ.

ಹೋಗಿ ನೋಡಿದರೆ ಗಂಡ ರಸ್ತೆಯಲ್ಲಿ ಕೂತಿದ್ದ. ಪಕ್ಕದ ಮನೆಯವರು ಕಣ್ಣಿಗೆ ನೀರು ಹಾಕುತ್ತಿದ್ದರು. ಹೊರಗಿನಿಂದಲೇ ಕಿಟಕಿ ತಳ್ಳಿ ಇಣುಕಿದ್ದರು, ಅತ್ತೆಯ ಮಂಚ ಖಾಲಿ. "ಒಳಗ ಎಲ್ಲೋ ಬಿದ್ದಾಳ, ಅವ್ವನ್ನ ನಾನೇ ಕೊಂದೆ" ಎಂದು ಆತ ಅಳುತ್ತಿದ್ದ.

ಅಷ್ಟರಲ್ಲಿ ಓಣಿಯ ಆ ತುದಿಯ ಗುಡಿಕಟ್ಟೆಯಿಂದ ಯಾರೋ ಕೈ ಬೀಸಿದರು. ಓಡಿಹೋದೆ. ಅತ್ತೆ ಕಾಲು ಮಡಚಿ ಕೂತು ಚಹಾ ಕುಡಿಯುತ್ತಿದ್ದರು.

"ಅತ್ತಿ, ಇಲ್ಲಿ ತನಕ ಹೆಂಗ ಬಂದ್ರಿ? ಮೊಣಕಾಲು ನೋವು?"

"ಅದು ಮನ್ಯಾಗೇ ಉಳೀತವ್ವಾ" ಎಂದರು ಅತ್ತೆ. "ವಾಸನಿ ಬಂದಕೂಡ್ಲೆ ಓಡಿದೆ, ತಗೊಂಡು ಬರಾಕ ಟೈಮ್ ಎಲ್ಲಿತ್ತು?"